ಇಂಪ್ಲಾಂಟ್‌ಗೆ ಹ್ಞೂಂ ಅನ್ನುವ ಮುಂಚೆ

ಈ ಸಲದ ಮಾತು ಸ್ವಲ್ಪ ಮುಜುಗರದ್ದು. ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಕೂತು ಕೇಳುವಂಥದ್ದಲ್ಲ ಅಂತ ನಿಮಗೆ ಅನ್ನಿಸಬಹುದು. ಪರವಾಗಿಲ್ಲ, ಫೋನಿನಲ್ಲಿ ಒಬ್ಬರೇ ಓದಿಕೊಳ್ಳಿ. ವಿಷಯ ಗಂಡಸರ ನಿಮಿರು ದೌರ್ಬಲ್ಯ, ನೀವು ಇ.ಡಿ. ಅಂತ ಕೇಳಿರುತ್ತೀರಲ್ಲ, ಅದು. ಬೇರೆಲ್ಲ ಚಿಕಿತ್ಸೆ ಸೋತ ಮೇಲೆ ಅದಕ್ಕೆ ಮಾಡುವ ಇಂಪ್ಲಾಂಟ್ ಸರ್ಜರಿಯ ಬಗ್ಗೆ ಇವತ್ತು ಹೇಳುತ್ತೇನೆ.

ಇಪ್ಪತ್ತು ಇಪ್ಪತ್ತೈದು ವರ್ಷದ ನಮಗ್ಯಾಕೆ ಇದು ಅಂತ ಕೇಳಬೇಡಿ. ನಿಮ್ಮ ಅಪ್ಪನಿಗೆ ಐವತ್ತೈದು ದಾಟಿರುತ್ತದೆ, ಸಕ್ಕರೆ ಕಾಯಿಲೆ ಬಂದು ಹತ್ತು ಹದಿನೈದು ವರ್ಷ ಆಗಿರುತ್ತದೆ. ಆಸ್ಪತ್ರೆಯ ಪೋರ್ಟಲ್ ಪಾಸ್‌ವರ್ಡ್ ನೆನಪಿಟ್ಟುಕೊಂಡಿರುವವರು ನೀವು, ಇನ್ಶೂರೆನ್ಸ್ ಕಾಗದ ಬಂದರೆ ಓದಿ ಹೇಳುವವರೂ ನೀವೇ. ಒಂದು ದಿನ ಆ ಕಾಗದದಲ್ಲಿ 'ಪಿನೈಲ್ ಪ್ರಾಸ್ಥೆಸಿಸ್' ಅನ್ನುವ ಎರಡು ಪದ ಕಣ್ಣಿಗೆ ಬಿದ್ದರೆ ಏನು ಮಾಡುತ್ತೀರಿ? ನಗುತ್ತೀರೋ, ಗಾಬರಿಯಾಗುತ್ತೀರೋ, ನೋಡೇ ಇಲ್ಲ ಅನ್ನುವ ಹಾಗೆ ಇರುತ್ತೀರೋ? ಮೂರೂ ಅಪ್ಪನಿಗೆ ಸಹಾಯ ಆಗುವುದಿಲ್ಲ.

ಮೊದಲು ಪದದ ವಿಚಾರ. ನಾನು ಓದಿದ್ದು ಕನ್ನಡ ಎಂ.ಎ., ವೈದ್ಯಕೀಯ ಅಲ್ಲ, ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ. ನಮ್ಮ ಜನರ ಬಾಯಲ್ಲಿ ಈ ಕಾಯಿಲೆಗಿರುವ ಪದಗಳೆಲ್ಲ ಬೈಗುಳಗಳು: ಷಂಡ, ನಪುಂಸಕ, 'ಅವನು ಗಂಡಸೇ ಅಲ್ಲ'. ವ್ಯಾಕರಣದಲ್ಲಿ ನಪುಂಸಕ ಅನ್ನುವುದು ಪಾಪದ ಪದ. ಮರ, ಕಲ್ಲು, ಪುಸ್ತಕ ಎಲ್ಲ ನಪುಂಸಕಲಿಂಗ, ಅದರಿಂದ ಯಾರಿಗೂ ಅವಮಾನ ಇಲ್ಲ. ಅದೇ ಪದ ಒಬ್ಬ ಗಂಡಸಿನ ಮೇಲೆ ಬಿದ್ದರೆ ಅವನು ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಸಕ್ಕರೆ ಕಾಯಿಲೆಗೆ, ಬಿಪಿಗೆ ಹೀಗೆ ಬೈಗುಳ ಇಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ' ಬರೆದು, ಇಂಥ ವಿಷಯವನ್ನು ಸಭ್ಯ ಕನ್ನಡದಲ್ಲೇ ಹೇಳಬಹುದು ಅಂತ ತೋರಿಸಿ ಎಷ್ಟೋ ವರ್ಷ ಆಯಿತು. ಮನೆಯೊಳಗೆ ಮಾತ್ರ ಅದು ಇನ್ನೂ ಬಂದಿಲ್ಲ. ಆರೋಗ್ಯ ಶಿಬಿರದಲ್ಲಿ ಸ್ವಯಂಸೇವಕಿಯಾಗಿ ಕೂತಾಗ ನೋಡಿದ್ದೇನೆ: ಬಿಪಿ ಎಷ್ಟು, ಸಕ್ಕರೆ ಎಷ್ಟು ಅಂತ ಗಟ್ಟಿಯಾಗಿ ಹೇಳುವ ಹಿರಿಯರು, ಫಾರಂನಲ್ಲಿ ಈ ಪ್ರಶ್ನೆ ಬಂದರೆ ಪೆನ್ನು ಎತ್ತಿ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ.

ಆದರೆ ಈ ಚಿಕಿತ್ಸೆಯ ಚರಿತ್ರೆ ನಮ್ಮ ಮನೆಗೆ ಎಷ್ಟು ಹತ್ತಿರ ಇದೆ ನೋಡಿ. ಪೇರ್ಲ್ಯಾಂಡ್‌ನಲ್ಲಿ 288 ಹಿಡಿದರೆ, ಟ್ರಾಫಿಕ್ ಇಲ್ಲದ ದಿನ ಅರ್ಧ ಗಂಟೆಯೊಳಗೆ ಟೆಕ್ಸಸ್ ಮೆಡಿಕಲ್ ಸೆಂಟರ್. ಅಲ್ಲಿ ಡೆಂಟನ್ ಕೂಲಿ 1969ರಲ್ಲಿ ಮೊದಲ ಸಲ ಮನುಷ್ಯನ ಎದೆಯಲ್ಲಿ ಪೂರ್ತಿ ಕೃತಕ ಹೃದಯ ಇಟ್ಟದ್ದನ್ನು ಹ್ಯೂಸ್ಟನ್ನಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದೇ ಮೆಡಿಕಲ್ ಸೆಂಟರ್‌ನ ಬೇಲರ್ ಕಾಲೇಜ್ ಆಫ್ ಮೆಡಿಸಿನ್‌ನಲ್ಲಿ ಬ್ರಾಂಟ್ಲಿ ಸ್ಕಾಟ್ ಅನ್ನುವ ಯೂರಾಲಜಿಸ್ಟ್ ಇದ್ದರು. ಮಿನ್ನೆಸೋಟದ ವಿಲಿಯಂ ಬ್ರಾಡ್ಲಿ, ಜೆರಾಲ್ಡ್ ಟಿಮ್ ಅವರ ಜೊತೆ ಸೇರಿ ಅವರು 1973ರಲ್ಲಿ ನೀರು ತುಂಬಿ ಉಬ್ಬಿಸುವ ಇಂಪ್ಲಾಂಟ್ ಬಗ್ಗೆ ಪ್ರಕಟಿಸಿದರು. ಮೂತ್ರ ಹಿಡಿದಿಡಲು ಆಗದವರಿಗೆ ಇದೇ ತಂಡ ಕೃತಕ ಕವಾಟವನ್ನೂ ಮಾಡಿತ್ತು. ಅದಕ್ಕೂ ಹಿಂದೆ, 1936ರಲ್ಲಿ, ರಷ್ಯಾದ ನಿಕೊಲಾಯ್ ಬೊಗೊರಾಜ್ ಪಕ್ಕೆಲುಬಿನ ಮೃದ್ವಸ್ಥಿಯನ್ನೇ ಕತ್ತರಿಸಿ ಇಟ್ಟು ನೋಡಿದ್ದರು. ಸ್ಕಾಟ್ ಅವರ ಉಪಾಯ ಬೇರೆ: ಬೇಕಾದಾಗ ಗಟ್ಟಿ, ಬೇಡವಾದಾಗ ಮೆತ್ತಗೆ. ಇವತ್ತು ಜಗತ್ತಿನಲ್ಲಿ ಹಾಕುವ ಉಬ್ಬುವ ಇಂಪ್ಲಾಂಟ್‌ಗಳೆಲ್ಲ ಆ ಉಪಾಯದ ಮಕ್ಕಳು, ಮೊಮ್ಮಕ್ಕಳು.

ದೇಹ ತಾನಾಗಿ ಇದನ್ನು ಹೇಗೆ ಮಾಡುತ್ತದೆ ಅನ್ನುವುದು ಗೊತ್ತಾದರೆ ಮುಂದಿನದು ಸುಲಭ. ಶಿಶ್ನದೊಳಗೆ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಮನಸ್ಸಿನಿಂದ ಸೂಚನೆ ಬಂದಾಗ ನರದ ತುದಿಯಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ, ರಕ್ತನಾಳ ಸಡಿಲವಾಗುತ್ತದೆ, ರಕ್ತ ಒಳಗೆ ನುಗ್ಗಿ ಅಲ್ಲೇ ನಿಲ್ಲುತ್ತದೆ. ದೇಹದಲ್ಲಿ ಈ ಅನಿಲ ಮಾಡುವ ಕೆಲಸ ಕಂಡುಹಿಡಿದದ್ದಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು. ಅವರಲ್ಲಿ ಫೆರಿದ್ ಮುರಾದ್ ಆಗ ಇದೇ ಹ್ಯೂಸ್ಟನ್ನಿನ ಯೂನಿವರ್ಸಿಟಿ ಆಫ್ ಟೆಕ್ಸಸ್ ಮೆಡಿಕಲ್ ಸ್ಕೂಲ್‌ನಲ್ಲಿದ್ದರು. ವಯಾಗ್ರ ಮಾತ್ರೆಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದೂ ಅದೇ ವರ್ಷ.

ನರ, ರಕ್ತನಾಳ, ಹಾರ್ಮೋನು, ಮನಸ್ಸು: ಇದರಲ್ಲಿ ಯಾವುದು ಕೆಟ್ಟರೂ ಕೆಲಸ ನಿಲ್ಲುತ್ತದೆ. ಸಕ್ಕರೆ ಕಾಯಿಲೆ ನರವನ್ನೂ ನಾಳವನ್ನೂ ಒಟ್ಟಿಗೆ ಹಾಳುಮಾಡುತ್ತದೆ. ನಾವು ದಕ್ಷಿಣ ಏಷ್ಯಾದವರಿಗೆ ಅದು ಬೊಜ್ಜು ಬರುವ ಮೊದಲೇ ಬರುವುದು ಹೆಚ್ಚು. ಅದಕ್ಕೇ ಅಮೆರಿಕದಲ್ಲಿ ಏಷ್ಯಾ ಮೂಲದವರಿಗೆ ಬಿಎಂಐ 23 ಆದರೇ ಸಕ್ಕರೆ ಪರೀಕ್ಷೆಯ ಬಗ್ಗೆ ಯೋಚಿಸಿ ಅನ್ನುತ್ತಾರೆ, ಉಳಿದವರಿಗೆ 25. ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ, ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟುವಾಗ ಸಣ್ಣ ನಾಳದ ತೊಂದರೆ ಮೊದಲು ಗೊತ್ತಾಗುತ್ತದೆ. ಎಷ್ಟೋ ಗಂಡಸರಲ್ಲಿ ಈ ತೊಂದರೆ ಕಾಣಿಸಿಕೊಂಡ ಎರಡರಿಂದ ಐದು ವರ್ಷದೊಳಗೆ ಹೃದಯದ ಕಾಯಿಲೆ ಹೊರಬಿದ್ದಿದೆ. ನಾಚಿಕೆಯಿಂದ ಡಾಕ್ಟರ ಹತ್ತಿರ ಬಾಯಿ ಬಿಡದ ಗಂಡಸು ಕಳೆದುಕೊಳ್ಳುವುದು ಹಾಸಿಗೆಯ ಸುಖ ಒಂದನ್ನೇ ಅಲ್ಲ.

ಅಪ್ಪ ಒಬ್ಬರೇ ಹೀಗೆ ಅಂತಲೂ ಅಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 40ರಿಂದ 70 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 52 ಮಂದಿಗೆ ಸ್ವಲ್ಪವೋ ಹೆಚ್ಚೋ ಈ ತೊಂದರೆ ಇತ್ತು. ಮೀನಾಕ್ಷಿ ದೇವಸ್ಥಾನದ ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಷೇರು, ಕ್ರಿಕೆಟ್ಟು ಮಾತಾಡುವ ಗುಂಪನ್ನು ನೋಡಿ ಲೆಕ್ಕ ಹಾಕಿಕೊಳ್ಳಿ.

ಇಂಪ್ಲಾಂಟ್ ಮೊದಲ ಮೆಟ್ಟಿಲಲ್ಲ. ಸಕ್ಕರೆ ಹತೋಟಿ, ಸಿಗರೇಟು ಬಿಡುವುದು, ನಡಿಗೆ, ಬಿಪಿ ಮಾತ್ರೆ ಬದಲಿಸಬೇಕೇ ಅಂತ ನೋಡುವುದು ಮೊದಲು. ಆಮೇಲೆ ಸಿಲ್ಡೆನಫಿಲ್, ಟಡಲಫಿಲ್ ಮಾತ್ರೆ. ಆಮೇಲೆ ನಿರ್ವಾತ ಪಂಪು, ಅಥವಾ ಶಿಶ್ನಕ್ಕೇ ಚುಚ್ಚಿಕೊಳ್ಳುವ ಸಣ್ಣ ಸೂಜಿಯ ಔಷಧಿ. ಇವೆಲ್ಲ ಕೆಲಸ ಮಾಡದಿದ್ದಾಗ, ಅಥವಾ ಬೇಡವಾದಾಗ, ಇಂಪ್ಲಾಂಟ್ ಮಾತು ಬರುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದವರಿಗೆ ನರ ಚೇತರಿಸಿಕೊಳ್ಳಲು ಒಂದೂವರೆ ಎರಡು ವರ್ಷವೂ ಹಿಡಿಯಬಹುದು. ಮೂರು ತಿಂಗಳಿಗೇ ಕೈಚೆಲ್ಲಿ ಕೂರುವುದು ಬೇಡ. ನಿಮ್ಮ ವಯಸ್ಸಿನವರಿಗೆ ಈ ತೊಂದರೆ ಬಂದರೆ, ಬೆಳಗ್ಗೆ ಎದ್ದಾಗ ಎಲ್ಲ ಸರಿ ಇದ್ದು ಜೊತೆಗಾರರ ಎದುರು ಮಾತ್ರ ಕೈಕೊಟ್ಟರೆ, ಅದು ಹೆಚ್ಚಾಗಿ ಆತಂಕದ್ದು. ಕೌನ್ಸೆಲರ್ ಸಾಕು, ಸರ್ಜನ್ ಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮೂರಿನ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ 'ಗುಪ್ತರೋಗ' ಜಾಹೀರಾತು ನೋಡಿ ಬೆಳೆದವರು ನಿಮ್ಮ ಅಪ್ಪ. ಇಲ್ಲಿಗೆ ಬಂದ ಮೇಲೆ ಗೋಡೆ ಹೋಗಿ ಫೋನು ಬಂದಿದೆ, ಅಷ್ಟೇ ವ್ಯತ್ಯಾಸ. ಗಿಡಮೂಲಿಕೆ ಅಂತ ಮಾರುವ ಎಷ್ಟೋ ಶಕ್ತಿ ಮಾತ್ರೆಗಳಲ್ಲಿ ಲೇಬಲ್ ಮೇಲೆ ಹೇಳದೆ ಸಿಲ್ಡೆನಫಿಲ್ ಬೆರೆಸಿರುತ್ತಾರೆ ಅಂತ ಎಫ್‌ಡಿಎ ಪದೇ ಪದೇ ಎಚ್ಚರಿಸಿದೆ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ನೈಟ್ರೋಗ್ಲಿಸರಿನ್ ಕೂಡ ಅದೇ ನೈಟ್ರಿಕ್ ಆಕ್ಸೈಡ್ ದಾರಿಯಲ್ಲೇ ನಾಳ ಸಡಿಲಿಸುವುದು. ಎರಡೂ ಸೇರಿದರೆ ಬಿಪಿ ಪ್ರಾಣಕ್ಕೆ ಅಪಾಯ ಆಗುವಷ್ಟು ಬೀಳಬಹುದು.

ಈಗ ಸರ್ಜರಿ. ಎರಡು ಬಗೆ ಇದೆ. ಒಂದು, ಬಗ್ಗಿಸಬಹುದಾದ ಗಟ್ಟಿ ಕಡ್ಡಿಗಳು. ಯಾವಾಗಲೂ ಗಟ್ಟಿಯಾಗೇ ಇರುತ್ತವೆ, ಬೇಡವಾದಾಗ ಕೆಳಗೆ ಬಗ್ಗಿಸಿಕೊಳ್ಳಬೇಕು. ಭಾರತದಲ್ಲಿ ಮುಂಬಯಿಯ ಡಾ. ರೂಪಿನ್ ಶಾ ಹೆಸರಿನ 'ಶಾ ಪ್ರಾಸ್ಥೆಸಿಸ್' ಈ ಜಾತಿಯದು, ಬೆಲೆಯೂ ಕಡಿಮೆ. ಇನ್ನೊಂದು, ಸ್ಕಾಟ್ ಅವರ ವಂಶದ್ದು, ಮೂರು ಭಾಗದ್ದು: ಆ ಎರಡು ಸ್ಪಂಜಿನ ಕೊಳವೆಯೊಳಗೆ ಎರಡು ಸಿಲಿಂಡರು, ವೃಷಣದ ಚೀಲದಲ್ಲಿ ಒಂದು ಸಣ್ಣ ಪಂಪು, ಹೊಟ್ಟೆಯ ಕೆಳಭಾಗದಲ್ಲಿ ಉಪ್ಪುನೀರಿನ ಒಂದು ಚೀಲ. ಪಂಪು ಒತ್ತಿದರೆ ನೀರು ಸಿಲಿಂಡರಿಗೆ, ಗುಂಡಿ ಅದುಮಿದರೆ ವಾಪಸ್ಸು ಚೀಲಕ್ಕೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಆಪರೇಷನ್ ಒಂದು ಗಂಟೆ ಆಸುಪಾಸು, ಅದೇ ದಿನ ಅಥವಾ ಮಾರನೇ ದಿನ ಮನೆ. ನೋವು, ಬಾವು ಕೆಲವು ವಾರ ಇರುತ್ತದೆ. ಪಂಪು ಉಪಯೋಗಿಸಲು ಹೆಚ್ಚಾಗಿ ನಾಲ್ಕರಿಂದ ಆರು ವಾರ ಕಾಯಬೇಕು.

ಜನ ತಪ್ಪು ತಿಳಿಯುವುದು ಇಲ್ಲಿ. ಇಂಪ್ಲಾಂಟ್ ಗಟ್ಟಿತನ ಕೊಡುತ್ತದೆ, ಆಸೆ ಕೊಡುವುದಿಲ್ಲ. ಸ್ಪರ್ಶದ ಅನುಭವ, ಸುಖದ ತುದಿ ಮೊದಲು ಹೇಗಿತ್ತೋ ಸಾಮಾನ್ಯವಾಗಿ ಹಾಗೇ. ಉದ್ದ ಹೆಚ್ಚುವುದಿಲ್ಲ, ಕಡಿಮೆಯಾದ ಹಾಗೆ ಅನ್ನಿಸಿತು ಅನ್ನುವವರೇ ಜಾಸ್ತಿ. ಗಂಡ ಹೆಂಡಿರ ನಡುವೆ ಇಪ್ಪತ್ತು ವರ್ಷದಿಂದ ಮಾತೇ ಇಲ್ಲದಿದ್ದರೆ ಅದನ್ನು ಪಂಪು ಸರಿಮಾಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು, ಇದು ಹಿಂದಕ್ಕೆ ಬರಲಾಗದ ದಾರಿ. ಸಿಲಿಂಡರು ಇಡುವಾಗ ಒಳಗಿನ ಸ್ಪಂಜು ಹಾಳಾಗುತ್ತದೆ. ನಾಳೆ ಇಂಪ್ಲಾಂಟ್ ತೆಗೆಸಿದರೆ ಮೊದಲಿನ ಅಲ್ಪಸ್ವಲ್ಪ ಶಕ್ತಿಯೂ ಇರುವುದಿಲ್ಲ, ಮಾತ್ರೆಯೂ ನಾಟುವುದಿಲ್ಲ. ಸೋಂಕು ತಗಲುವುದು ಮೊದಲ ಸಲದ ಸರ್ಜರಿಯಲ್ಲಿ ಸುಮಾರು ನೂರಕ್ಕೆ ಒಂದರಿಂದ ಮೂರು ಮಂದಿಗೆ. ತಗಲಿದರೆ ಸಾಮಾನ್ಯವಾಗಿ ಇಡೀ ಯಂತ್ರ ತೆಗೆಯಬೇಕು. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಈ ಅಪಾಯ ಹೆಚ್ಚು, ಅದಕ್ಕೇ ಮೊದಲು ಎ1ಸಿ ಇಳಿಸಿಕೊಂಡು ಬನ್ನಿ ಅನ್ನುವ ಸರ್ಜನ್‌ಗಳಿದ್ದಾರೆ. ಹಾಗೆ ಹೇಳಿದವರ ಮೇಲೆ ಸಿಟ್ಟಾಗಬೇಡಿ, ಅವರು ಒಳ್ಳೆಯವರು. ಯಂತ್ರವೂ ಯಂತ್ರವೇ: ಹತ್ತು ವರ್ಷದ ನಂತರ ನೂರಕ್ಕೆ ಸುಮಾರು 80 ಸರಿಯಾಗಿ ನಡೆಯುತ್ತಿರುತ್ತವೆ, ಉಳಿದವನ್ನು ಮತ್ತೆ ಆಪರೇಷನ್ ಮಾಡಿ ಬದಲಿಸಬೇಕಾಗುತ್ತದೆ. ಐವತ್ತೈದಕ್ಕೆ ಹಾಕಿಸಿಕೊಂಡವರು ಎಪ್ಪತ್ತಕ್ಕೆ ಇನ್ನೊಮ್ಮೆ ಟೇಬಲ್ ಮೇಲೆ ಮಲಗಬೇಕಾದೀತು. ಇಷ್ಟೆಲ್ಲ ಇದ್ದರೂ, ಹಾಕಿಸಿಕೊಂಡವರಲ್ಲಿ ಬಹುಪಾಲು ಗಂಡಸರು ತೃಪ್ತಿ ಇದೆ ಅನ್ನುತ್ತಾರೆ. ಮಾತ್ರೆ ನಾಟದೆ, ಸೂಜಿಗೆ ಹೆದರಿ, ವರ್ಷಗಟ್ಟಲೆ ಬೇರೆ ಕೋಣೆಯಲ್ಲಿ ಮಲಗಿದ ಗಂಡಸಿಗೆ ಇದು ಸಣ್ಣ ವರ ಅಲ್ಲ. ಹೆದರಿಸಲು ನಾನು ಇದನ್ನೆಲ್ಲ ಬರೆಯುತ್ತಿಲ್ಲ.

ತೀರ್ಮಾನ ಯಾರದು? ಅಪ್ಪನದು, ಮತ್ತೆ ಅಮ್ಮನದು. ಅಮ್ಮನನ್ನು ಕೇಳದೆ ಹಾಕಿಸಿಕೊಂಡು ಬಂದರೆ ಅದು ಉಡುಗೊರೆಯಲ್ಲ. ಮುಟ್ಟು ನಿಂತ ಮೇಲೆ ಅವರಿಗೂ ನೋವು, ಒಣತನ ಇರಬಹುದು, ಅದಕ್ಕೂ ಚಿಕಿತ್ಸೆ ಇದೆ. 'ನಮಗೆ ಇಷ್ಟೇ ಸಾಕು, ಇದೆಲ್ಲ ಬೇಡ' ಅಂತ ಇಬ್ಬರೂ ಒಪ್ಪಿಕೊಂಡರೆ ಅದೂ ಸರಿಯಾದ ಉತ್ತರವೇ. ಯೂರಾಲಜಿಸ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಲಿ. ವರ್ಷಕ್ಕೆ ಎಷ್ಟು ಇಂಪ್ಲಾಂಟ್ ಹಾಕುತ್ತೀರಿ, ಎಷ್ಟರಲ್ಲಿ ಸೋಂಕಾಯಿತು, ಮಾದರಿ ತೋರಿಸುತ್ತೀರಾ ಅಂತ ಧೈರ್ಯವಾಗಿ ಕೇಳಲಿ. ಬೆರಳಲ್ಲಿ ಸಂಧಿವಾತ ಇದ್ದರೆ ಪಂಪು ಒತ್ತಲು ಆಗುತ್ತದೋ ಇಲ್ಲವೋ ಅಂತ ಮೊದಲೇ ನೋಡಿಕೊಳ್ಳಬೇಕು.

ನೀವು ಎಲ್ಲಿ ನಿಲ್ಲಬೇಕು? ಡಾಕ್ಟರ ಕೋಣೆಯ ಬಾಗಿಲ ಹೊರಗೆ ಅನ್ನುವುದು ನನ್ನ ಅಭಿಪ್ರಾಯ. ಅಪ್ಪನಿಗೆ ಇಂಗ್ಲಿಷ್ ತೊಡಕಾದರೆ ಮಗನೋ ಮಗಳೋ ಪಕ್ಕದಲ್ಲಿ ಕೂತು ಅನುವಾದ ಮಾಡುವುದು ನಮ್ಮಲ್ಲಿ ರೂಢಿ. ಈ ವಿಷಯಕ್ಕೆ ಅದು ಆಗದು, ಅಪ್ಪ ನಿಮ್ಮ ಎದುರು ಅರ್ಧ ನುಂಗಿಬಿಡುತ್ತಾರೆ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು ಅಂತ ಕಾನೂನಿದೆ, ಫೋನಿನಲ್ಲಾದರೂ ಸರಿ. ಹದಿನೆಂಟು ತುಂಬದ ಮಕ್ಕಳಿಂದ ತುರ್ತು ಸಂದರ್ಭ ಬಿಟ್ಟು ಅನುವಾದ ಮಾಡಿಸುವ ಹಾಗೂ ಇಲ್ಲ. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕನ್ನಡ ಬೇಕು ಅಂತ ಹೇಳಿ. ಅಷ್ಟು ಮಾಡಿದರೆ ನಿಮ್ಮ ಪಾಲಿನ ದೊಡ್ಡ ಕೆಲಸ ಮುಗಿಯಿತು.

ದುಡ್ಡಿನ ವಿಷಯಕ್ಕೆ ನೀವು ಧಾರಾಳವಾಗಿ ಕೈ ಹಾಕಬಹುದು. ಮೆಡಿಕೇರ್‌ನ ಪಾರ್ಟ್ ಡಿ ಈ ತೊಂದರೆಯ ಮಾತ್ರೆಗೆ ದುಡ್ಡು ಕೊಡುವುದಿಲ್ಲ, ಆದರೆ ವೈದ್ಯಕೀಯವಾಗಿ ಅಗತ್ಯ ಅಂತಾದರೆ ಮೆಡಿಕೇರ್ ಸರ್ಜರಿಗೆ ಕೊಡುತ್ತದೆ. ವಿಚಿತ್ರ ಅಲ್ವಾ? ಹಾಗಂತ ಸರ್ಜರಿಗೆ ಓಡಬೇಕಿಲ್ಲ, ಜೆನೆರಿಕ್ ಸಿಲ್ಡೆನಫಿಲ್ ಈಗ ಅಗ್ಗ. ಕಂಪನಿಯ ಇನ್ಶೂರೆನ್ಸ್ ಒಂದೊಂದು ಒಂದೊಂದು ಥರ, ಮುಂಗಡ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಮಾಡಿಸಿಕೊಂಡು ಬರುತ್ತೇನೆ ಅಂತ ಅಪ್ಪ ಅಂದರೆ, ಸೋಂಕು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು ಅನ್ನುವುದನ್ನು ನೆನಪಿಸಿ. ಟಿಕೆಟ್ ಮಾಡುವಾಗ ಆ ದಿನಗಳನ್ನೂ ಸೇರಿಸಿ.

ಸರ್ಜರಿ ಆದವರಿಗೆ ಯಂತ್ರದ ಹೆಸರು, ಮಾದರಿ ಬರೆದ ಒಂದು ಕಾರ್ಡು ಕೊಡುತ್ತಾರೆ. ಅದರ ಫೋಟೋ ನಿಮ್ಮ ಫೋನಿನಲ್ಲೂ ಇರಲಿ. ಮುಂದೆ ಎಂದಾದರೂ ಬೇರೆ ಕಾರಣಕ್ಕೆ ಅಪ್ಪನನ್ನು ಎಮರ್ಜೆನ್ಸಿಗೆ ಕರೆದೊಯ್ದರೆ, ಮೂತ್ರಕ್ಕೆ ಕ್ಯಾಥೆಟರ್ ಹಾಕುವ ಮೊದಲು ನರ್ಸಿಗೆ ಇಂಪ್ಲಾಂಟ್ ಇದೆ ಅಂತ ಹೇಳಬೇಕು, ಎಂಆರ್‌ಐ ಮಾಡುವ ಮೊದಲು ಆ ಕಾರ್ಡು ತೋರಿಸಬೇಕು. ಅಪ್ಪನಿಗೆ ಮಾತಾಡಲು ಆಗದಿದ್ದಾಗ ಅದನ್ನು ಹೇಳುವವರು ನೀವೇ ಆಗಿರುತ್ತೀರಿ.