ಸೂರಿನಂಚಿನ ಕಾವಲು

ಹಂಚಿನ ಮಾಡು ಸೋರಿದರೆ ನಮ್ಮ ಕಣ್ಣು ಒಡೆದ ಹಂಚನ್ನೇ ಅರಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಕಾರ್ಖಾನೆ ತೆರೆದಂದಿನಿಂದ ಹೆಸರಾದ ಮಂಗಳೂರು ಹಂಚು ಮಳೆಯನ್ನು ತಡೆಯಬಲ್ಲದು; ಆದರೂ ಬಿರುಗಾಳಿಗೆ ಸಿಕ್ಕ ನೀರು ಸಂದುಗಳಲ್ಲಿ ಒಳಗಿಳಿಯುವುದುಂಟು. ಅದನ್ನು ಹೊರಸಾಗಿಸಲೆಂದು ಈಗ ಹಂಚಿನ ಕೆಳಗೆ ನೀರು ಹೀರದ ತೆಳು ಹಾಳೆಯನ್ನು ಹಾಸುವುದುಂಟು.

ಹಾಳೆಯ ಬಲಾಬಲ ತಿಳಿಯುವುದು ಸೂರಿನಲ್ಲಿ. ಅಲ್ಲಿ ಆಸರೆಯಿಲ್ಲದೆ ಜೋತುಬಿದ್ದರೆ ನೀರು ಮಡುಗಟ್ಟಿ, ಪಕಾಸುಗಳ ತುದಿ ಕೊಳೆಯುತ್ತದೆ. ಹೊರಚಾಚಿದ ಅಂಚು ಬಿಸಿಲಿಗೆ ಜೀರ್ಣವಾಗುತ್ತದೆ. ಆದುದರಿಂದ ಪಕಾಸುಗಳ ತುದಿಯಲ್ಲಿ, ದಂಬೆಯೊಳಗೆ ಬಾಗುವಂತೆ ಗಟ್ಟಿ ತಗಡನ್ನು ಇಳಿಜಾರಾಗಿ ಕೂರಿಸಿ, ಹಾಳೆಯನ್ನು ಅದರ ಮೇಲೆಯೇ, ಬಿಸಿಲು ತಾಕದಂತೆ ನಿಲ್ಲಿಸಬೇಕು.

ಮನೆ ಕಟ್ಟಿಸುವವರು ಹಂಚು ಹೊದಿಸುವ ಮುನ್ನವೇ ಇದನ್ನು ನೋಡಿಕೊಳ್ಳುವುದು ಲೇಸು. ಹೊದಿಸಿದ ಮೇಲೆ ಆ ಲೋಪ ಕಾಣುವುದು ಮರ ಕೊಳೆತಾಗಲೇ!