ಒಡಲೊಳಗಿನ ಕಿಚ್ಚು

ಗುಂಡ್ಲುಪೇಟೆಯಿಂದ ವೈನಾಡಿಗೆ ಹೋಗುವ ದಾರಿಯಲ್ಲಿ, ಬಂಡೀಪುರದ ಕಾಡಿನಂಚಿಗೆ ಮದ್ದೂರೆಂಬ ಊರಿದೆ. ವಡೆಗೆ ಹೆಸರಾದ ಮಂಡ್ಯ ಸೀಮೆಯ ಮದ್ದೂರಲ್ಲ, ಇದು ಬೇರೆ. ಬೇಸಗೆಯಲ್ಲಿ ಈ ಕಡೆ ಕಾಡುಗಿಚ್ಚಿನ ಭಯ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಉರಿದುದನ್ನು ನಾಡೇ ಕಂಡಿತು. ಕಿಚ್ಚು ಹಬ್ಬದಿರಲೆಂದು ಅರಣ್ಯದವರು ಮೊದಲೇ ಗೆರೆಯುದ್ದಕ್ಕೂ ಹುಲ್ಲನ್ನು ತಾವೇ ಸುಟ್ಟಿರುತ್ತಾರೆ. ಅದೇ ಬೆಂಕಿ ಕಾವಲೂ ಹೌದು, ಕೇಡೂ ಹೌದು.

ನಮ್ಮ ಒಡಲಿನಲ್ಲಿಯೂ ಇಂತಹ ಕಿಚ್ಚೊಂದಿದೆ. ಉಸಿರಾಡಿದ ಆಮ್ಲಜನಕದ ಅಲ್ಪಾಂಶವು ಜೀವಕೋಶಗಳಲ್ಲಿ ಉಗ್ರರೂಪ ತಾಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಈ ಬಳಗಕ್ಕೆ ಸೇರಿದ್ದು. ಬಿಳಿಯ ರಕ್ತಕಣಗಳು ನುಂಗಿದ ರೋಗಾಣುಗಳನ್ನು ಕೊಲ್ಲುವುದು ಇಂತಹ ಅಸ್ತ್ರಗಳಿಂದಲೇ. ಕ್ಯಾನ್ಸರಿನೊಡನೆ ಹೋರಾಡುವ ಟಿ-ಕಣಗಳು ಎಚ್ಚರಗೊಳ್ಳಲು ಸಹ ಇದರ ಕಿಡಿಯೊಂದು ಬೇಕು.

ಆದರೆ ಕ್ಯಾನ್ಸರ್ ಬಲು ಚತುರ. ಗಡ್ಡೆಯ ಸುತ್ತ ನೆರೆದ ಕೆಲವು ರಕ್ಷಕ ಕಣಗಳು ಅದರ ಪಕ್ಷ ವಹಿಸಿ ಈ ಕಿಚ್ಚನ್ನು ಮಿತಿಮೀರಿ ಕಾರುತ್ತವೆ. ಆ ಝಳಕ್ಕೆ ಟಿ-ಕಣಗಳು ಬಳಲಿ ಕೈಚೆಲ್ಲುತ್ತವೆ. ಗಡ್ಡೆಯಾದರೋ ತನ್ನ ಉರಿಯನ್ನು ತಾನೇ ತಣಿಸಿಕೊಂಡು ಬೆಳೆಯುತ್ತದೆ.

ಟಿ-ಕಣಗಳಿಗೆ ಬಿದ್ದ ತಡೆಯನ್ನು ಕಳಚಿ ಅವನ್ನು ಕ್ಯಾನ್ಸರಿನ ಮೇಲೆ ಬಿಡುವ ಮಾರ್ಗವನ್ನು ತೋರಿಸಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಹುಮಾನ ಬಂತು. ಈ ಇಮ್ಯುನೋಥೆರಪಿ ಎಲ್ಲ ರೋಗಿಗಳಿಗೂ ಫಲಿಸದು. ಗಡ್ಡೆಯ ಸುತ್ತಲಿನ ಝಳವೂ ಅದಕ್ಕೊಂದು ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಹಾಗಾದರೆ ಕಿಚ್ಚನ್ನಾರಿಸುವ ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳನ್ನು ನುಂಗಿದರಾಗದೆ? ಇಲ್ಲಿಯೇ ಎಡವುವ ಭಯ. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಮಂದಿ ಗಂಡಸರ ಮೇಲೆ ಪ್ರಯೋಗವೊಂದು ನಡೆಯಿತು. ಬೀಟಾ ಕೆರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಮೆಯಾಗಲಿಲ್ಲ. ಸೇವಿಸದವರಿಗಿಂತ ನೂರಕ್ಕೆ 18ರಷ್ಟು ಹೆಚ್ಚಿತೆಂದು 1994ರ ವರದಿ ತಿಳಿಸಿತು. ವಿಕಿರಣ ಚಿಕಿತ್ಸೆ ಮತ್ತು ಕೆಲವು ಔಷಧಿಗಳು ಕ್ಯಾನ್ಸರನ್ನು ಕೊಲ್ಲುವುದೂ ಇದೇ ಕಿಚ್ಚಿನ ನೆರವಿನಿಂದ. ಅದನ್ನು ನಾವೇ ಆರಿಸಿದರೆ ಚಿಕಿತ್ಸೆಯ ಬಲವೂ ಕುಗ್ಗಬಹುದು.

ಗುಂಡ್ಲುಪೇಟೆಯ ಹೊಲದ ಅರಿಸಿನ ಸಾರಿನಲ್ಲಿದ್ದರೆ ಅಂಜಿಕೆಯಿಲ್ಲ. ಅದರ ಸತ್ವವನ್ನೇ ತುಂಬಿದ ಮಾತ್ರೆಯ ಮಾತು ಬೇರೆ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಬಂಧುಗಳು ಪ್ರೀತಿಯಿಂದ ತಂದುಕೊಡುವ ಪುಡಿ, ಕಷಾಯ, ಮಾತ್ರೆಗಳು ಒಂದೆರಡಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗಾಗಲಿ ಬೇರೆಡೆಗಾಗಲಿ ಹೋಗುವಾಗ ಅವೆಲ್ಲವನ್ನೂ ಸಂಕೋಚವಿಲ್ಲದೆ ವೈದ್ಯರ ಮುಂದಿಡಬೇಕು. ಯಾವ ಬೆಂಕಿ ಕಾಯುವುದು, ಯಾವುದು ಸುಡುವುದು ಎಂಬುದನ್ನು ಕಾಡು ಬಲ್ಲವರೇ ಹೇಳಬೇಕಲ್ಲವೆ?