ಸಾಣೆಕಲ್ಲಿನ ಮೇಲೆ ತೇಯ್ದ ಮದ್ದು

ದೀಪ ಹಚ್ಚುವ ಹೊತ್ತು. ಎರಡು ತಿಂಗಳ ಕೂಸು ಒಂದೇ ಸಮನೆ ಅಳತೊಡಗುತ್ತದೆ. ಮುಷ್ಟಿ ಬಿಗಿದು, ಕಾಲು ಮಡಚಿ, ಮುಖ ಕೆಂಪೇರುವಂತೆ ಕಿರುಚುತ್ತದೆ. ಹಾಲು ಕೊಟ್ಟರೂ ಬೇಡ, ತೊಟ್ಟಿಲು ತೂಗಿದರೂ ಬೇಡ. ಆಗ ಮನೆಯ ಹಿರಿಯಾಕೆ ಗೂಡಿನಿಂದ ಸಾಣೆಕಲ್ಲು ತೆಗೆಯುತ್ತಾಳೆ. ತಾಯಿಯ ಹಾಲಿನ ನಾಲ್ಕು ಹನಿ ಬಿಟ್ಟು ಸುಟ್ಟ ಬಜೆಯ ಬೇರನ್ನು ತೇಯುತ್ತಾಳೆ. ಜೊತೆಗೆ ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಶುಂಠಿ. ತಕ್ಕಡಿ ಇಲ್ಲ, ಚಮಚವಿಲ್ಲ. ಕಲ್ಲಿನ ಮೇಲೆ ಎಷ್ಟು ಸುತ್ತು ತೇಯಬೇಕೆಂಬುದೇ ಅಳತೆ. ಬೆರಳ ತುದಿಯಲ್ಲಿ ಎತ್ತಿ ಮಗುವಿನ ನಾಲಿಗೆಗೆ ಸವರಿದರೆ ಮದ್ದು ಮುಗಿಯಿತು. ಕನ್ನಡನಾಡಿನ ಬಾಣಂತನದ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕ್ರಮವಿದು.

ಮಾತು ಬಾರದ ಮಗುವಿನ ನೋವನ್ನು ತಿಳಿಯುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಶಿಶುಚಿಕಿತ್ಸೆಗೆ ಕೌಮಾರಭೃತ್ಯವೆಂಬ ಪ್ರತ್ಯೇಕ ಸ್ಥಾನವಿದೆ. ಅದರ ಮುಖ್ಯ ಗ್ರಂಥವಾದ ಕಾಶ್ಯಪ ಸಂಹಿತೆ ನೇಪಾಳದಲ್ಲಿ ದೊರೆತ ಹಸ್ತಪ್ರತಿಯಿಂದ 1938ರಲ್ಲಿ ಅಚ್ಚಾಯಿತು. ಅದರಲ್ಲಿ ‘ವೇದನಾಧ್ಯಾಯ’ ಎಂಬ ಒಂದು ಅಧ್ಯಾಯವೇ ಇದೆ. ಕಿವಿನೋವಿದ್ದರೆ ಮಗು ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತದೆ. ಹೊಟ್ಟೆನೋವಿದ್ದರೆ ಮೊಲೆ ಒಲ್ಲೆನ್ನುತ್ತದೆ, ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ ಎಂದು ಅದು ಲಕ್ಷಣಗಳನ್ನು ಪಟ್ಟಿಮಾಡುತ್ತದೆ. ಮಗುವನ್ನು ನೋಡಿ ತಿಳಿಯಬೇಕೆಂಬ ಈ ಪಾಠ ಇಂದಿನ ಮಕ್ಕಳ ವೈದ್ಯರಿಗೂ ಒಪ್ಪಿಗೆಯಾದದ್ದೇ.

ಸಾಣೆಕಲ್ಲಿನ ಪಕ್ಕದಲ್ಲಿ ಬಂದು ಕುಳಿತದ್ದು ಗ್ರೈಪ್ ವಾಟರ್ ಸೀಸೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಔಷಧದಂಗಡಿ ಇಟ್ಟಿದ್ದ ವಿಲಿಯಂ ವುಡ್‌ವರ್ಡ್ ಎಂಬಾತ 1851ರಲ್ಲಿ ಇದನ್ನು ತಯಾರಿಸಿದ. ಸಬ್ಬಸಿಗೆ ಬೀಜದ ಎಣ್ಣೆ, ಅಡುಗೆ ಸೋಡಾ, ಸಕ್ಕರೆ, ನೀರು. ಇವುಗಳ ಜೊತೆಗೆ ಒಂದಿಷ್ಟು ಮದ್ಯಸಾರ. ಅಳುವ ಮಕ್ಕಳಿಗೆ ಅಫೀಮು ಬೆರೆಸಿದ ಔಷಧಗಳನ್ನು ಕುಡಿಸುತ್ತಿದ್ದ ಕಾಲವದು. ಅವುಗಳಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೂ ಕೂಸು ನಿದ್ದೆಹೋಗುತ್ತಿದ್ದುದರಲ್ಲಿ ಮದ್ಯಸಾರದ ಪಾಲಿಲ್ಲ ಎನ್ನಲಾಗದು. 1992ರಲ್ಲಿ ಬ್ರಿಟನ್ನಿನಲ್ಲಿ ಅದನ್ನು ಗ್ರೈಪ್ ವಾಟರಿನಿಂದ ತೆಗೆಸಲಾಯಿತು. ಅಷ್ಟರಲ್ಲಿ ಭಾರತದಲ್ಲಿ ಈ ಸೀಸೆ ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿದುಬರುವ ಮನೆಮದ್ದೇ ಆಗಿಬಿಟ್ಟಿತ್ತು.

ಹಾಗಾದರೆ ಬಜೆಯೂ ಗ್ರೈಪ್ ವಾಟರೂ ‘ಗುಣ’ ಕೊಟ್ಟದ್ದು ಹೇಗೆ? ಉತ್ತರ ಅಳುವಿನ ಸ್ವಭಾವದಲ್ಲೇ ಇದೆ. ಆರೋಗ್ಯವಾಗಿರುವ ಮಗುವೂ ಮೊದಲ ತಿಂಗಳುಗಳಲ್ಲಿ ಕಾರಣ ಕಾಣದೆ ಅಳುವುದುಂಟು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕಿಂತ ಹೆಚ್ಚು ಹೀಗೆ ನಡೆದರೆ ಅದನ್ನು ‘ಕೋಲಿಕ್’ ಎನ್ನಬೇಕೆಂದು ಅಮೆರಿಕದ ವೈದ್ಯ ಮಾರಿಸ್ ವೆಸ್ಸೆಲ್ ಮತ್ತು ಸಂಗಡಿಗರು 1954ರಲ್ಲಿ ಸೂತ್ರ ಹಾಕಿದರು. ಈ ಅಳು ಸುಮಾರು ಆರನೆಯ ವಾರಕ್ಕೆ ತುತ್ತತುದಿಗೇರಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೆ ಕೀರ್ತಿ ಸಂದಿತು.

ತಾನಾಗಿ ಹೋಗುವ ತೊಂದರೆಗೆ ಕೊಡುವ ಮದ್ದು ಕನಿಷ್ಠಪಕ್ಷ ಕೇಡು ಮಾಡಬಾರದು. ಇಲ್ಲಿ ಹಳೆಯ ಪದ್ಧತಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಬಜೆಯ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶ ಪ್ರಯೋಗದ ಇಲಿಗಳಲ್ಲಿ ಗಂತಿ ತರಿಸಿದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಮದ್ದು ಕಲಸುವ ಜೇನಿನದು ಇನ್ನೊಂದು ಕಥೆ. ಜೇನುತುಪ್ಪದಲ್ಲಿ ಕೆಲವೊಮ್ಮೆ ಇರುವ ಬಾಟುಲಿಸಂ ರೋಗಾಣುವಿನ ಬೀಜಕಗಳು ದೊಡ್ಡವರಿಗೆ ಏನೂ ಮಾಡವು. ಎಳೆಗೂಸಿನ ಕರುಳಿನಲ್ಲಿ ಮಾತ್ರ ಮೊಳೆತು ವಿಷ ಬಿಡುತ್ತವೆ, ಸ್ನಾಯುಗಳು ಸೋಲುತ್ತವೆ. 1976ರಲ್ಲಿ ಈ ಕಾಯಿಲೆಯನ್ನು ಗುರುತಿಸಿದ ಮೇಲೆ, ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದೆಂದು ವೈದ್ಯರು ಹೇಳುತ್ತಾರೆ. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದೂ ಹಾಗೆಯೇ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಮೂಗು ಕಟ್ಟಿದ್ದರೆ ಔಷಧದಂಗಡಿಯ ಉಪ್ಪುನೀರಿನ ಹನಿ ಸಾಕು. ಕೆಲವೆಡೆ ಹೊಟ್ಟೆಯುಬ್ಬರಕ್ಕೆಂದು ಕೂಸಿಗೆ ಬರೆ ಹಾಕುವುದಂತೂ ಮದ್ದಲ್ಲ, ಬರಿಯ ಸುಟ್ಟ ಗಾಯ.

ಎಲ್ಲಕ್ಕಿಂತ ಹೆಚ್ಚು ಜೀವ ತೆಗೆದದ್ದು ಇನ್ನೊಂದು ನಂಬಿಕೆ. ಭೇದಿಯಾದಾಗ ‘ಹೊಟ್ಟೆಗೆ ವಿಶ್ರಾಂತಿ ಬೇಕು’ ಎಂದು ಹಾಲನ್ನೂ ನೀರನ್ನೂ ನಿಲ್ಲಿಸುವುದು. ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಸಾಮಾನ್ಯವಾಗಿ ದೇಹದ ನೀರು, ಲವಣ ಬರಿದಾಗುವುದೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದುಹೋಯಿತು. ಮಕ್ಕಳ ವೈದ್ಯ ದಿಲೀಪ್ ಮಹಲನೊಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕರಗಿಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ಭೇದಿಯ ಹೊತ್ತಿನಲ್ಲೂ ಕರುಳಿನಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ. ಸಕ್ಕರೆಯೂ ಉಪ್ಪೂ ಜೊತೆಯಾಗಿ ಬಂದರೆ ಅದು ಒಳಬಿಡುತ್ತದೆ. ಅವುಗಳ ಬೆನ್ನಿಗೆ ನೀರೂ ಒಳಹೋಗುತ್ತದೆ. ಈ ವೈದ್ಯರಿಗೆ ಪದ್ಮವಿಭೂಷಣ ಸಂದದ್ದು 2023ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಆ ಮದ್ದು ಇಂದು ಓಆರ್‌ಎಸ್ ಪೊಟ್ಟಣವಾಗಿ ಆಶಾ ಕಾರ್ಯಕರ್ತೆಯ ಬಳಿಯೂ ಸಿಗುತ್ತದೆ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆಸಮ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಮಾತ್ರ ಹೆಚ್ಚಾಗಕೂಡದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಚಮಚ ಚಮಚವಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ. ಎದೆಹಾಲು ನಿಲ್ಲಿಸುವಂತಿಲ್ಲ. ವೈದ್ಯರು ಹೇಳಿದಂತೆ ಸತು ಕೂಡ ಕೊಡಬೇಕು.

ಇಷ್ಟಾದರೂ ಹಳೆಯ ಬಾಣಂತನದಲ್ಲಿ ಉಳಿಸಿಕೊಳ್ಳಬೇಕಾದದ್ದು ಬಹಳವಿದೆ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ಬೆನ್ನು ತಟ್ಟಿ ತೇಗಿಸುವುದು, ಕಾಲು ನೀಡಿ ಮಲಗಿಸಿಕೊಂಡು ಹದವಾದ ಕೈಯಲ್ಲಿ ಎಣ್ಣೆ ತಿಕ್ಕುವುದು, ಎದೆಗವಚಿಕೊಂಡು ಮೆಲ್ಲಗೆ ಹಾಡುತ್ತ ಓಡಾಡುವುದು: ಇವುಗಳಿಂದ ಕೇಡಿಲ್ಲ, ಸಮಾಧಾನವುಂಟು. ದೃಷ್ಟಿ ನಿವಾಳಿಸಿದರೂ ನಷ್ಟವಿಲ್ಲ, ಆಸ್ಪತ್ರೆಗೆ ಹೋಗುವುದು ಅದರಿಂದ ತಡವಾಗದಿದ್ದರೆ.

ತಡಮಾಡಬಾರದ ಹೊತ್ತು ಯಾವುದೆಂದು ಮನೆಯವರೆಲ್ಲರಿಗೂ ಗೊತ್ತಿರಬೇಕು. ಮೂರು ತಿಂಗಳೊಳಗಿನ ಕೂಸಿನ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಹಾಲು ಪೂರ್ತಿ ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಸೇದಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿ ಕುಳಿಬಿದ್ದು ಉಚ್ಚೆ ನಿಂತರೆ, ಕೂಸು ಎಚ್ಚರವಾಗದಷ್ಟು ಮಂಕಾದರೆ ಸಾಣೆಕಲ್ಲನ್ನು ಹುಡುಕುತ್ತ ಕೂರಬಾರದು. ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೊರಡಬೇಕು. ವೇದನಾಧ್ಯಾಯ ಹೇಳಿದ್ದೂ ಮೊದಲು ಮಗುವನ್ನು ನೋಡಿ ಎಂದೇ.